ಸೂರ್ಯನ ಕುದುರೆಯೂ ಅದರ ಆಫ್ರಿಕದ ದಾಯಾದಿಯೂ

ಮುಂಗಾರಿ ಪೈರು ಸೊಂಟದ ಎತ್ತರಕ್ಕೆ ಬೆಳೆದು, ಹುಬ್ಬಾ ಉತ್ತರಾ ಮಳೆಗಳು ಬಿಟ್ಟು ಬಿಟ್ಟು ಸುರಿಯುವ ಕಾಲದಲ್ಲಿ ಬೈಲಹೊಂಗಲ, ಕಿತ್ತೂರು, ಸವದತ್ತಿ ಮತ್ತು ರಾಮದುರ್ಗ ತಾಲೂಕುಗಳ ಹೊಲಗಳನ್ನು ಸುತ್ತಿ ಬರುವವರ ಕಣ್ಣಿಗೆ ಒಂದು ವಿಲಕ್ಷಣವಾದ ಹಸಿರು ಕೀಟವು ಬೀಳುವುದುಂಟು. ಅದು ಹತ್ತಿಯ ಗಿಡದ ತುದಿಯಲ್ಲಾಗಲಿ ಬದುವಿನ ಮೇಲಿನ ಕಂಟಿಯಲ್ಲಾಗಲಿ ಮುಂಗಾಲುಗಳನ್ನು ಮಡಿಚಿ, ಕೈಮುಗಿದು ನಿಂತವರಂತೆ ಅಲುಗಾಡದೆ ಕುಳಿತಿರುತ್ತದೆ. ಮನುಷ್ಯನು ಸಮೀಪಕ್ಕೆ ಹೋದರೆ ಓಡುವುದಿಲ್ಲ. ಕತ್ತನ್ನು ತಿರುಗಿಸಿ ಬಂದವನನ್ನೇ ನೋಡುತ್ತದೆ. ಇದಕ್ಕೆ ಕನ್ನಡದಲ್ಲಿ ಸೂರ್ಯನ ಕುದುರೆ ಎಂಬ ಹೆಸರುಂಟು. ಕೈಮುಗಿದ ಭಂಗಿಯ ಕಾರಣ ಪ್ರಾರ್ಥನಾ ಕೀಟವೆಂದೂ ಪುಸ್ತಕಗಳಲ್ಲಿ ಬರೆಯುತ್ತಾರೆ.

ಈ ಕೀಟವು ಒಕ್ಕಲಿಗನಿಗೆ ಮಿತ್ರನೋ ಶತ್ರುವೋ ಎಂಬ ಪ್ರಶ್ನೆಯು ಹಳೆಯದು. ಈಚಿನ ವರ್ಷಗಳಲ್ಲಿ ಅದಕ್ಕೆ ಇನ್ನೊಂದು ಪ್ರಶ್ನೆಯೂ ಸೇರಬಹುದಾಗಿದೆ. ಆಫ್ರಿಕ ಖಂಡದಲ್ಲಿ ಇದರ ದಾಯಾದಿಯಾದ ದೊಡ್ಡ ಜಾತಿಯೊಂದಿದ್ದು, ಹಲವು ದೇಶಗಳಲ್ಲಿ ಹವ್ಯಾಸಿಗಳು ಅದನ್ನು ಮನೆಯೊಳಗೆ ಸಾಕುತ್ತಾರೆ. ಅಮೆರಿಕದಲ್ಲಿ ಬೇರೊಂದು ಜಾತಿಯ ತತ್ತಿಗೂಡುಗಳನ್ನು ತೋಟಗಳಿಗೆಂದು ಮಾರುತ್ತಾರೆ. ಅಂಥ ದೊಡ್ಡ ಕೀಟವನ್ನು ತರಿಸಿ ಹೊಲದಲ್ಲಿ ಬಿಟ್ಟರೆ ಹುಳುಗಳ ಬಾಧೆ ತಪ್ಪೀತೆ ಎಂದು ಕೇಳುವುದು ಸಹಜವೇ. ಇದಕ್ಕೆ ಉತ್ತರ ಹೇಳಬೇಕಾದರೆ ಮೊದಲು ಕೀಟದ ಸ್ವರೂಪವನ್ನೂ ಜೀವನಕ್ರಮವನ್ನೂ ತಿಳಿದುಕೊಳ್ಳುವುದು ಅವಶ್ಯ.

ಕುಲವೂ ಆಕಾರವೂ

ಸೂರ್ಯನ ಕುದುರೆಗಳಲ್ಲಿ ಪ್ರಪಂಚದಾದ್ಯಂತ ಸುಮಾರು 2,400 ಜಾತಿಗಳಿರುವುದಾಗಿ ಕೀಟಶಾಸ್ತ್ರಜ್ಞರು ಎಣಿಸಿದ್ದಾರೆ. ಭಾರತದಲ್ಲಿಯೇ 160ಕ್ಕೂ ಹೆಚ್ಚು ಜಾತಿಗಳುಂಟು. ನೋಟಕ್ಕೆ ಮಿಡತೆಯನ್ನು ಹೋಲುವುದರಿಂದ ಬಹುಜನರು ಇದನ್ನು ಮಿಡತೆಯ ಬಳಗಕ್ಕೆ ಸೇರಿಸುತ್ತಾರೆ, ಅದು ಸರಿಯಲ್ಲ. ಇದರ ಸಮೀಪದ ನೆಂಟರೆಂದರೆ ಜಿರಲೆ ಮತ್ತು ಗೆದ್ದಲು. ಮಿಡತೆಯು ಎಲೆಯನ್ನು ತಿಂದು ಬದುಕುತ್ತದೆ. ಸೂರ್ಯನ ಕುದುರೆಯು ಎಲೆಯನ್ನು ಮುಟ್ಟುವುದೇ ಇಲ್ಲ. ಇದು ಹುಟ್ಟಿದ ದಿನದಿಂದ ಸಾಯುವ ತನಕ ಜೀವಂತ ಬೇಟೆಯನ್ನು ಹಿಡಿದು ತಿನ್ನುವ ಮಾಂಸಾಹಾರಿ. ಬೆಳೆಯ ಮೇಲೆ ಇದು ಕಂಡುಬಂದರೆ ಬೆಳೆಯನ್ನು ತಿನ್ನಲು ಬಂದಿದೆಯೆಂದು ಹೊಡೆದು ಹಾಕುವುದು ಈ ಭೇದವನ್ನು ಅರಿಯದವರು ಮಾಡುವ ತಪ್ಪು.

ಇದರ ತಲೆಯು ಮುಮ್ಮೂಲೆಯಾಗಿದೆ. ಎರಡು ಪಕ್ಕಗಳಲ್ಲಿ ದೊಡ್ಡ ಕಣ್ಣುಗಳು, ಅವುಗಳ ನಡುವೆ ಹಣೆಯ ಮೇಲೆ ಮೂರು ಚಿಕ್ಕ ಕಣ್ಣುಗಳು, ಹೀಗೆ ಒಟ್ಟು ಐದು ಕಣ್ಣುಗಳಿವೆ. ಎದೆಯ ಮುಂಭಾಗವು ಕುತ್ತಿಗೆಯಂತೆ ನೀಳವಾಗಿದ್ದು, ಅದರ ತುದಿಯಲ್ಲಿ ತಲೆಯು ಎತ್ತ ಬೇಕಾದರೂ ತಿರುಗುತ್ತದೆ. ಮುಂಗಾಲುಗಳು ನಡೆಯುವುದಕ್ಕಿಂತ ಹಿಡಿಯುವುದಕ್ಕಾಗಿಯೇ ರೂಪಗೊಂಡಿವೆ. ಅವುಗಳ ಒಳಅಂಚಿಗೆ ಸಾಲಾಗಿ ಮುಳ್ಳುಗಳಿದ್ದು, ಮಡಿಚಿದಾಗ ಚಾಕುವಿನ ಅಲಗು ಹಿಡಿಕೆಯೊಳಕ್ಕೆ ಕೂಡುವಂತೆ ಒಂದರೊಳಗೊಂದು ಕೂಡುತ್ತವೆ. ಬೇಟೆಯು ಅಳವಿಗೆ ಬಂದೊಡನೆ ಒಂದು ಸೆಕೆಂಡಿನ ಹತ್ತರಲ್ಲೊಂದು ಪಾಲು ಸಹ ಕಳೆಯದಷ್ಟರಲ್ಲಿ ಈ ಕಾಲುಗಳು ಚಾಚಿ ಅದನ್ನು ಬಿಗಿದುಕೊಳ್ಳುತ್ತವೆ. ಇದಕ್ಕೆ ವಿಷದ ಹಲ್ಲಾಗಲಿ ಕೊಂಡಿಯಾಗಲಿ ಇಲ್ಲ. ಅಮೆರಿಕದ ದಕ್ಷಿಣ ಪ್ರಾಂತಗಳಲ್ಲಿ ಇದರ ಬಾಯಿಂದ ಬರುವ ಕಂದು ರಸವು ಹೇಸರಗತ್ತೆಗಳನ್ನು ಕೊಲ್ಲುತ್ತದೆಂಬ ನಂಬಿಕೆಯು ಬಹುಕಾಲ ಇದ್ದಿತು. ಅದಕ್ಕೆ ಆಧಾರವೇನೂ ಇಲ್ಲ. ಮನುಷ್ಯರಿಗಾಗಲಿ ದನಕರುಗಳಿಗಾಗಲಿ ಈ ಕೀಟದಿಂದ ಅಪಾಯವಿಲ್ಲ. ಒರಟಾಗಿ ಹಿಡಿದರೆ ಮುಂಗಾಲಿನ ಮುಳ್ಳು ಬೆರಳಿಗೆ ಚುಚ್ಚೀತು, ಅಷ್ಟೆ.

ಆಫ್ರಿಕದ ದೊಡ್ಡ ಜಾತಿ

ಆಫ್ರಿಕದ ದೊಡ್ಡ ಸೂರ್ಯನ ಕುದುರೆಗೆ ಶಾಸ್ತ್ರದಲ್ಲಿ ಸ್ಫೋಡ್ರೊಮ್ಯಾಂಟಿಸ್ ವಿರಿಡಿಸ್ ಎಂದು ಹೆಸರು. ಸಹಾರಾ ಮರುಭೂಮಿಯ ದಕ್ಷಿಣಕ್ಕಿರುವ ದೇಶಗಳಲ್ಲಿ ಇದು ವಿಶೇಷವಾಗಿ ಉಂಟು. ಮೆಡಿಟರೇನಿಯನ್ ಸಮುದ್ರದ ಅಂಚಿನ ಕೆಲವು ಸೀಮೆಗಳಲ್ಲಿಯೂ ಕಾಣಬರುತ್ತದೆ. ಹೆಣ್ಣಿನ ಉದ್ದವು ಸುಮಾರು 3ರಿಂದ 4 ಅಂಗುಲ. ಗಂಡು ಅದಕ್ಕಿಂತ ಚಿಕ್ಕದು, ಮೈಯಲ್ಲಿ ತೆಳ್ಳಗೆ. ಬಣ್ಣವು ಸಾಮಾನ್ಯವಾಗಿ ಎಳೆಹಸಿರು. ಕಂದು ಬಣ್ಣದವೂ ಉಂಟು. ಮೇಲಿನ ರೆಕ್ಕೆಯ ಮೇಲೆ ಒಂದೊಂದು ಬಿಳಿಯ ಬೊಟ್ಟು ಇರುತ್ತದೆ. ದಕ್ಷಿಣ ಆಫ್ರಿಕದ ಸಾನ್ ಜನರ ಪುರಾಣಗಳಲ್ಲಿ ಕಾಗ್ಗೆನ್ ಎಂಬ ದೈವವು ಸೂರ್ಯನ ಕುದುರೆಯ ರೂಪವನ್ನು ಧರಿಸುತ್ತದೆಂದು ಕಥೆಗಳಿವೆ. ಗ್ರೀಕರು ಈ ಕೀಟಕ್ಕೆ ಕಾಲಜ್ಞಾನಿ ಎಂಬ ಅರ್ಥದ ಹೆಸರನ್ನು ಕೊಟ್ಟರು. ಕೈಮುಗಿದ ಭಂಗಿಯು ನಾನಾ ದೇಶದವರ ಮನಸ್ಸಿನಲ್ಲಿ ಭಕ್ತಿಭಾವವನ್ನೇ ಹುಟ್ಟಿಸಿದೆ.

ನಮ್ಮ ನಾಡಿನ ದೊಡ್ಡ ಹಸಿರು ಸೂರ್ಯನ ಕುದುರೆಗಳು ಹೈರೊಡ್ಯೂಲಾ ಎಂಬ ಕುಲದವು. ಆಫ್ರಿಕದ ಕುಲಕ್ಕೂ ಇದಕ್ಕೂ ಸಮೀಪದ ಸಂಬಂಧವುಂಟು. ಇವುಗಳಲ್ಲಿ ದೊಡ್ಡದಾದ ಹೈರೊಡ್ಯೂಲಾ ಮೆಂಬ್ರನೇಸಿಯಾ ಎಂಬುದು ಭಾರತ ಮತ್ತು ಶ್ರೀಲಂಕೆಗಳಲ್ಲಿ ಇದ್ದು, ಅದರ ಹೆಣ್ಣು ಮೂರು ಅಂಗುಲವನ್ನು ಮೀರಿ ಬೆಳೆಯುತ್ತದೆ. ರೆಕ್ಕೆಯ ಬಿಳಿಬೊಟ್ಟು ಇದಕ್ಕೂ ಇದೆ. ಎರಡನ್ನೂ ಪಕ್ಕಪಕ್ಕದಲ್ಲಿಟ್ಟರೆ ಪಳಗಿದ ಕಣ್ಣಿಗಲ್ಲದೆ ಭೇದ ತೋರದು. ಆದುದರಿಂದ ದೂರದ ದೇಶದಲ್ಲಿ ದೊಡ್ಡ ಜಾತಿಯಿದೆಯೆಂದು ಆಶ್ಚರ್ಯಪಡುವವರು, ಅದಕ್ಕೆ ಬಹುಮಟ್ಟಿಗೆ ಸಮಾನವಾದುದೇ ನಮ್ಮ ಬದುಗಳ ಮೇಲೆ ಕುಳಿತಿದೆಯೆಂಬುದನ್ನು ಗಮನಿಸತಕ್ಕದ್ದು.

ಕಣ್ಣು ಮತ್ತು ಕಿವಿ

ಈ ಕೀಟದ ಇಂದ್ರಿಯಗಳ ವಿಷಯದಲ್ಲಿ ಈಚೆಗೆ ತಿಳಿದುಬಂದಿರುವ ಎರಡು ಸಂಗತಿಗಳು ಒಕ್ಕಲಿಗರಿಗೂ ಉಪಯುಕ್ತವಾಗಿವೆ.

ಮೊದಲನೆಯದು ಕಣ್ಣಿನದು. ಮನುಷ್ಯನು ಎರಡು ಕಣ್ಣುಗಳ ನೋಟವನ್ನು ಕೂಡಿಸಿ ವಸ್ತುವು ಎಷ್ಟು ದೂರದಲ್ಲಿದೆಯೆಂದು ಅರಿಯುತ್ತಾನೆ. ಕೀಟಗಳಲ್ಲಿ ಈ ಶಕ್ತಿಯು ಸೂರ್ಯನ ಕುದುರೆಗೆ ಇದೆಯೆಂದು 1983ರಲ್ಲಿ ಸ್ಯಾಮ್ಯುಅಲ್ ರೋಸೆಲ್ ಎಂಬ ವಿಜ್ಞಾನಿಯು ತೋರಿಸಿದನು. ಆ ಬಳಿಕ ಇಂಗ್ಲೆಂಡಿನ ನ್ಯೂಕ್ಯಾಸಲ್ ವಿಶ್ವವಿದ್ಯಾಲಯದಲ್ಲಿ ಜೆನ್ನಿ ರೀಡ್ ಅವರ ಮುಂದಾಳುತನದಲ್ಲಿ, ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ವ್ಯಾಸಂಗ ಮಾಡಿದ ವಿವೇಕ್ ನಿತ್ಯಾನಂದ ಮೊದಲಾದವರು ಆಫ್ರಿಕದ ಸ್ಫೋಡ್ರೊಮ್ಯಾಂಟಿಸ್ ಕುಲದ ಕೀಟಗಳಿಗೆ ಜೇನುಮೇಣದಿಂದ ಪುಟ್ಟ ಬಣ್ಣದ ಕನ್ನಡಕಗಳನ್ನು ಅಂಟಿಸಿ ಪರೀಕ್ಷೆ ಮಾಡಿದರು. 2016 ಮತ್ತು 2018ರಲ್ಲಿ ಪ್ರಕಟವಾದ ಅವರ ಶೋಧಗಳಿಂದ ಈ ಕೀಟದ ದೃಷ್ಟಿಕ್ರಮವು ನಮ್ಮದಕ್ಕಿಂತ ಬೇರೆಯೆಂದು ಸ್ಥಿರಪಟ್ಟಿತು. ಇದು ನಿಶ್ಚಲವಾದ ಚಿತ್ರವನ್ನು ಅಳೆಯುವುದಿಲ್ಲ. ಎಲ್ಲಿ ಚಲನೆ ಇದೆಯೋ ಎಲ್ಲಿ ನೋಟವು ಬದಲಾಗುತ್ತಿದೆಯೋ ಅದನ್ನು ಮಾತ್ರ ಅಳೆಯುತ್ತದೆ. ಇದರ ತಾತ್ಪರ್ಯವೇನೆಂದರೆ, ಹರಿದಾಡುವ ಹುಳುವೂ ಹಾರುವ ಪತಂಗವೂ ಇದರ ಬಾಯಿಗೆ ಬಿದ್ದಾವು. ಆದರೆ ಎಲೆಗೆ ಅಂಟಿಕೊಂಡಿರುವ ಹುಳುವಿನ ತತ್ತಿಗಳನ್ನೂ ಮಣ್ಣಿನೊಳಗಿನ ಕೋಶವನ್ನೂ ಇದು ಹುಡುಕಿ ತಿನ್ನಲಾರದು.

ಎರಡನೆಯದು ಕಿವಿಯದು. 1986ರಲ್ಲಿ ಅಮೆರಿಕದ ಡೇವಿಡ್ ಯೇಗರ್ ಮತ್ತು ರೊನಾಲ್ಡ್ ಹಾಯ್ ಎಂಬವರು ಈ ಕೀಟಕ್ಕೆ ಒಂದೇ ಒಂದು ಕಿವಿಯಿದೆಯೆಂದೂ, ಅದು ಎದೆಯ ಅಡಿಯಲ್ಲಿ ಹಿಂಗಾಲುಗಳ ನಡುವೆ ಇದೆಯೆಂದೂ ಕಂಡುಹಿಡಿದರು. ಮನುಷ್ಯನಿಗೆ ಕೇಳಿಸದ, ಬಾವಲಿಯು ಬೇಟೆಯಾಡುವಾಗ ಹೊರಡಿಸುವ ಸೂಕ್ಷ್ಮ ಧ್ವನಿಯು ಇದಕ್ಕೆ ಕೇಳಿಸುತ್ತದೆ. ಕೇಳಿದೊಡನೆ ಹಾರುವ ದಾರಿಯನ್ನು ತಟ್ಟನೆ ಬದಲಿಸಿ ನೆಲದ ಕಡೆಗೆ ಎರಗುತ್ತದೆ. ಇದರಿಂದ ಗಂಡು ಕೀಟಗಳು ರಾತ್ರಿಯಲ್ಲಿ ಹೆಣ್ಣನ್ನರಸುತ್ತ ಹಾರಾಡುವುದು ತಿಳಿಯುತ್ತದೆ. ಹೊಲದ ಮನೆಯ ದೀಪಕ್ಕೂ ಪತಂಗಗಳಿಗಾಗಿ ಇಟ್ಟ ದೀಪದ ಬಲೆಗೂ ಅವು ಬಂದು ಬೀಳುವುದು ಇದೇ ಕಾರಣದಿಂದ.

ಸಂತಾನ

ಕೂಡುವಿಕೆಯ ಕಾಲದಲ್ಲಿ ಹೆಣ್ಣು ಗಂಡನ್ನು ತಿಂದುಬಿಡುತ್ತದೆಂಬ ಮಾತು ಪ್ರಸಿದ್ಧವಾಗಿದೆ. ಇದು ಸುಳ್ಳಲ್ಲ, ಆದರೆ ನಿಯಮವೂ ಅಲ್ಲ. ಹೊಟ್ಟೆ ತುಂಬಿದ ಹೆಣ್ಣು ಬಹುಶಃ ಗಂಡನ್ನು ಹೋಗಗೊಡುತ್ತದೆ. ಹಸಿದುದು ಬಿಡುವುದು ಕಡಿಮೆ.

ಹೆಣ್ಣು ತನ್ನ ಮೈಯಿಂದ ನೊರೆಯಂಥ ಪದಾರ್ಥವನ್ನು ಹೊರಡಿಸಿ, ಅದರೊಳಗೆ ತತ್ತಿಗಳನ್ನು ಸಾಲಾಗಿ ಇಡುತ್ತದೆ. ನೊರೆಯು ಸ್ವಲ್ಪ ಹೊತ್ತಿನಲ್ಲಿ ಒಣಗಿ ಗಟ್ಟಿಯಾಗಿ ತತ್ತಿಗೂಡಾಗುತ್ತದೆ. ಜಾತಿಗನುಸಾರವಾಗಿ ಒಂದು ಗೂಡಿನಲ್ಲಿ ಕೆಲವು ಹತ್ತರಿಂದ ಮುನ್ನೂರರವರೆಗೆ ತತ್ತಿಗಳಿರಬಹುದು. ದೊಡ್ಡ ಜಾತಿಗಳ ಗೂಡು ಅಡಕೆಯ ಗಾತ್ರದಿಂದ ಅದರ ಎರಡರಷ್ಟರವರೆಗೆ ಇದ್ದು, ಮಾಸಲು ಬಿಳುಪು ಅಥವಾ ತಿಳಿಕಂದು ಬಣ್ಣದ್ದಾಗಿ, ಒಣಗಿದ ನೊರೆಯ ಮುದ್ದೆಯಂತೆ ಕಡ್ಡಿಗೆ ಅಂಟಿಕೊಂಡಿರುತ್ತದೆ. ಹತ್ತಿಕಟಿಗೆ, ತೊಗರಿಕಟಿಗೆ, ಬದುವಿನ ಮೇಲಿನ ಬಾರಿಕಂಟಿ, ಜಾಲಿ, ಬೇವಿನ ರೆಂಬೆ, ಬೇಲಿಯ ಕಂಬ ಇವು ಅದನ್ನು ಹುಡುಕಬೇಕಾದ ಸ್ಥಳಗಳು.

ಬೆಚ್ಚಗಿನ ಹವೆಯಲ್ಲಿ ಕೆಲವು ವಾರಗಳಿಗೆ ತತ್ತಿಯೊಡೆದು ಇರುವೆಯಷ್ಟು ಗಾತ್ರದ ಮರಿಗಳು ಹೊರಬರುತ್ತವೆ. ರೆಕ್ಕೆಯೊಂದರ ಹೊರತು ಎಲ್ಲ ವಿಷಯಗಳಲ್ಲಿಯೂ ಮರಿಯು ತಾಯಿಯನ್ನೇ ಹೋಲುತ್ತದೆ. ಇದಕ್ಕೆ ಕೋಶಾವಸ್ಥೆಯಿಲ್ಲ; ಆರರಿಂದ ಒಂಬತ್ತು ಸಲ ಪೊರೆ ಕಳಚಿ, ಹಲವು ತಿಂಗಳುಗಳಲ್ಲಿ ರೆಕ್ಕೆ ಮೂಡಿ ಪೂರ್ಣಕೀಟವಾಗುತ್ತದೆ. ಹುಟ್ಟಿದ ಮರಿಗಳಲ್ಲಿ ಬಹುಪಾಲು ಇರುವೆ, ಜೇಡ, ಓತಿ, ಹಕ್ಕಿಗಳ ಪಾಲಾಗುತ್ತವೆ. ಒಂದನ್ನೊಂದು ತಿನ್ನುವುದೂ ಉಂಟು. ತತ್ತಿಗೂಡಿಗೂ ಶತ್ರುವಿದೆ. ಪೊಡಾಗ್ರಿಯನ್ ಎಂಬ ಕುಲದ ಸಣ್ಣ ಕಣಜವು ತನ್ನ ನೀಳವಾದ ತತ್ತಿಕೊಳವೆಯನ್ನು ಗೂಡಿನೊಳಕ್ಕೆ ತೂರಿಸಿ ತನ್ನ ತತ್ತಿಗಳನ್ನಿಡುತ್ತದೆ. ಅದರ ಮರಿಗಳು ಸೂರ್ಯನ ಕುದುರೆಯ ತತ್ತಿಗಳನ್ನು ತಿಂದು ಬೆಳೆಯುತ್ತವೆ. ಹೀಗೆ ನೂರಾರು ತತ್ತಿಗಳಲ್ಲಿ ಮುಂದಿನ ಹಂಗಾಮಿನವರೆಗೆ ಉಳಿದು ತತ್ತಿಯಿಡುವವು ಬೆರಳೆಣಿಕೆಯಷ್ಟೆ.

ಬೆಳೆಗೆ ಆಗುವ ಪ್ರಯೋಜನವೂ ಅದರ ಮಿತಿಯೂ

ಈ ನಾಲ್ಕು ತಾಲೂಕುಗಳು ಪಶ್ಚಿಮದಲ್ಲಿ ಮಲೆನಾಡಿನ ಸೆರಗಿನಿಂದ ಪೂರ್ವದಲ್ಲಿ ಬಯಲುಸೀಮೆಯವರೆಗೆ ಹಬ್ಬಿವೆ. ಕಿತ್ತೂರಿನ ಕಡೆಗೆ ಮಳೆ ಹೆಚ್ಚು. ಸವದತ್ತಿ, ರಾಮದುರ್ಗಗಳ ಕಡೆಗೆ ಸಾಗಿದಂತೆ ಕಡಿಮೆ. ಬೈಲಹೊಂಗಲವು ಹತ್ತಿಯ ಪೇಟೆಯೆಂದು ಹೆಸರಾದ ಸ್ಥಳ. ಸವದತ್ತಿಯ ಬಳಿಯ ನವಿಲುತೀರ್ಥದಲ್ಲಿ ಮಲಪ್ರಭೆಗೆ ಅಣೆಕಟ್ಟಾದ ಮೇಲೆ ನೀರಾವರಿಯೂ ಬಂದಿದೆ. ಎರೆಭೂಮಿಯಲ್ಲಿ ಹತ್ತಿ, ಹಿಂಗಾರಿ ಜೋಳ, ಕಡಲೆ, ಕುಸುಬೆ, ಗೋದಿ, ಮುಂಗಾರಿಯಲ್ಲಿ ಹೆಸರು, ಸೋಯಾ ಅವರೆ, ಗೋವಿನಜೋಳ, ನೀರಿದ್ದಲ್ಲಿ ಕಬ್ಬು. ಈ ಎಲ್ಲ ಬೆಳೆಗಳ ನಡುವೆಯೂ ಸೂರ್ಯನ ಕುದುರೆಗೆ ಬೇಟೆ ದೊರೆಯುತ್ತದೆ.

ಎಳೆಮರಿಗಳು ಹೇನು, ಜಿಗಿಹುಳು, ಬಿಳಿನೊಣ ಮುಂತಾದ ಚಿಕ್ಕ ಕೀಟಗಳನ್ನು ತಿನ್ನುತ್ತವೆ. ಬೆಳೆದ ಮೇಲೆ ಎಲೆ ತಿನ್ನುವ ಹುಳುಗಳು, ಮಿಡತೆ, ಪತಂಗ ಇವು ಇದರ ಆಹಾರ. ಜೋಳದ ಹೊಲಗಳಿಗೆ ಹಿಂದೆ ಬಹಳ ಹಾನಿ ಮಾಡುತ್ತಿದ್ದ ರೆಕ್ಕೆಯಿಲ್ಲದ ದಖ್ಖಣದ ಮಿಡತೆಯನ್ನು ಕುರಿತು ಮೈಸೂರು ಸಂಸ್ಥಾನದ ಕೀಟಶಾಸ್ತ್ರಜ್ಞರಾಗಿದ್ದ ಲೆಸ್ಲಿ ಕೋಲ್ಮನ್ ಅವರು 1911ರಲ್ಲಿ ವಿವರವಾದ ವರದಿಯನ್ನು ಪ್ರಕಟಿಸಿದರು. ಆ ಮಿಡತೆಯ ಕುಲಕ್ಕೆ ಅವರ ಹೆಸರೇ ಬಂದಿದೆ. ಅಂಥ ಮಿಡತೆಗಳ ಮರಿಗಳನ್ನು ಹಿಡಿದು ತಿನ್ನಬಲ್ಲ ಕೀಟಗಳಲ್ಲಿ ಸೂರ್ಯನ ಕುದುರೆಯೂ ಒಂದು.

ಆದರೆ ಲಾಭವನ್ನು ಹೇಳಿದಷ್ಟೇ ಸ್ಪಷ್ಟವಾಗಿ ಮಿತಿಯನ್ನೂ ಹೇಳಬೇಕು. ಇದು ಕಾವಲುಗಾರನೇ ಸರಿ, ಆದರೆ ಯಾರ ಅಪ್ಪಣೆಯಲ್ಲಿಯೂ ಇರುವ ಕಾವಲುಗಾರನಲ್ಲ. ಅಳವಿಗೆ ಬಂದುದೆಲ್ಲವೂ ಇದಕ್ಕೆ ಆಹಾರವೇ. ಕಾಯಿಕೊರಕದ ಪತಂಗವನ್ನು ತಿಂದ ಬಾಯಿಂದಲೇ ಜೇನುಹುಳುವನ್ನೂ ತಿನ್ನುತ್ತದೆ. ಹೇನುಗಳನ್ನು ತಿನ್ನುವ ಗುಲಗಂಜಿ ಹುಳು, ಜೇಡ ಮುಂತಾದ ಉಪಕಾರಿಗಳನ್ನೂ ಬಿಡುವುದಿಲ್ಲ. ಹತ್ತಿಯ ಕಾಯಿಯೊಳಗೆ ಸೇರಿಕೊಂಡ ಗುಲಾಬಿ ಕಾಯಿಕೊರಕವಾಗಲಿ, ಗೋವಿನಜೋಳದ ಸುಳಿಯೊಳಗೆ ಅಡಗಿದ ಫಾಲ್ ಸೈನಿಕ ಹುಳುವಾಗಲಿ ಇದರ ಕಣ್ಣಿಗೆ ಬೀಳುವುದಿಲ್ಲ. ಆದಕಾರಣ ಸೂರ್ಯನ ಕುದುರೆಯು ಹೊಲದಲ್ಲಿದೆಯೆಂದು ಒಕ್ಕಲಿಗನು ಬೆಳೆಯನ್ನು ನೋಡುವುದನ್ನೇ ಬಿಟ್ಟು ನಿಶ್ಚಿಂತನಾಗಿರುವುದು ಸರ್ವಥಾ ಕೂಡದು.

ಒಂದು ಲೆಕ್ಕ

ಹೀಗಾದರೆ ಇದನ್ನು ಕಾಪಾಡಿ ಪ್ರಯೋಜನವೇನು ಎಂದು ಕೇಳಬಹುದು. ಉತ್ತರವು ಕಾಲದ ಲೆಕ್ಕದಲ್ಲಿದೆ.

ಫಾಲ್ ಸೈನಿಕ ಹುಳುವಿನ ಪತಂಗವು ಸಾವಿರಕ್ಕೂ ಮಿಕ್ಕಿ ತತ್ತಿಗಳನ್ನಿಡುತ್ತದೆ. ಬೆಚ್ಚಗಿನ ಹವೆಯಲ್ಲಿ ತತ್ತಿಯಿಂದ ಮರಳಿ ಪತಂಗವಾಗುವುದಕ್ಕೆ ಸುಮಾರು ಒಂದು ತಿಂಗಳು ಸಾಕು. ಹತ್ತಿ, ಕಡಲೆ, ತೊಗರಿಗಳ ಹಸಿರು ಕಾಯಿಕೊರಕದ ಕ್ರಮವೂ ಬಹುಮಟ್ಟಿಗೆ ಇಂಥದೇ. ದೊಡ್ಡ ಸೂರ್ಯನ ಕುದುರೆಗಾದರೋ ಒಂದು ಪೀಳಿಗೆ ಮುಗಿಯುವುದಕ್ಕೆ ವರ್ಷದ ಬಹುಭಾಗ ಬೇಕಾಗುತ್ತದೆ.

ಈಗ ಒಬ್ಬ ಜಮೀನುದಾರನು ಹುಳು ಎಷ್ಟಿದೆಯೆಂದು ನೋಡದೆ, ಪಕ್ಕದ ಹೊಲದವನು ಹೊಡೆದನೆಂಬ ಒಂದೇ ಕಾರಣದಿಂದ ತೀಕ್ಷ್ಣವಾದ ಕೀಟನಾಶಕವನ್ನು ಸಿಂಪಡಿಸಿದನೆಂದು ಇಟ್ಟುಕೊಳ್ಳುವ. ಹುಳುಗಳಲ್ಲಿ ಹೆಚ್ಚಿನವು ಸತ್ತವು. ಗಿಡದ ತುದಿಯಲ್ಲಿ ಬಯಲಿಗೆ ಕುಳಿತ ಸೂರ್ಯನ ಕುದುರೆಗಳೂ ಸತ್ತವು. ಕಾಯಿಯೊಳಗೂ ಸುಳಿಯೊಳಗೂ ಉಳಿದ ಕೆಲವು ಹುಳುಗಳು, ನೆರೆಯ ಹೊಲಗಳಿಂದ ಹಾರಿಬಂದ ಪತಂಗಗಳು ಒಂದೆರಡು ತಿಂಗಳಲ್ಲಿ ಮೊದಲಿನಷ್ಟೇ ಸಂತಾನವನ್ನು ಮಾಡಿಕೊಂಡವು. ಅವುಗಳನ್ನು ತಡೆಯಬೇಕಾದವರ ಸಂತಾನವು ಮುಂದಿನ ವರ್ಷದವರೆಗೂ ತುಂಬಿಬರಲಿಲ್ಲ. ಶತ್ರುವಿಗಾದ ನಷ್ಟವು ತಿಂಗಳಲ್ಲಿ ತುಂಬುತ್ತದೆ. ಮಿತ್ರನಿಗಾದ ನಷ್ಟವು ವರ್ಷಕ್ಕೂ ತುಂಬುವುದಿಲ್ಲ. ಎರಡನೆಯ ಸಿಂಪರಣೆಯ ಖರ್ಚು, ಆ ಮೇಲೆ ಮೂರನೆಯದರ ಖರ್ಚು ಬೀಳುವುದು ಇಲ್ಲಿಂದಲೇ.

ಸೂರ್ಯನ ಕುದುರೆ ಒಂದೇ ಈ ಕೆಲಸವನ್ನು ಮಾಡುವುದಿಲ್ಲ. ಜೇಡ, ಗುಲಗಂಜಿ ಹುಳು, ಪರಾವಲಂಬಿ ಕಣಜ, ಹಕ್ಕಿ ಇವೆಲ್ಲ ಕೂಡಿ ಮಾಡುವ ಕೆಲಸವದು. ಆದರೆ ಆ ಬಳಗದಲ್ಲಿ ಬರಿಗಣ್ಣಿಗೆ ಸುಲಭವಾಗಿ ಕಾಣುವಷ್ಟು ದೊಡ್ಡದು ಇದು. ಹೊಲದಲ್ಲಿ ಇದು ಬಾಳಿ ತತ್ತಿಯಿಟ್ಟಿದೆಯೆಂದರೆ, ಕಾಣದ ಚಿಕ್ಕ ಉಪಕಾರಿಗಳೂ ಅಲ್ಲಿ ಉಳಿದಿವೆಯೆಂದು ಬಹುಶಃ ತಿಳಿಯಬಹುದು. ಕಡ್ಡಿಗೆ ಅಂಟಿದ ಒಂದು ತತ್ತಿಗೂಡು ಹೊಲದ ಆರೋಗ್ಯಕ್ಕೆ ಬರೆದುಕೊಟ್ಟ ಚೀಟಿಯಿದ್ದಂತೆ.

ಪರದೇಶದ ಕೀಟವನ್ನು ತರಿಸುವ ವಿಷಯ

ಇನ್ನು ಆಫ್ರಿಕದ ದೊಡ್ಡ ಜಾತಿಯನ್ನು ತರಿಸಬಹುದೇ ಎಂಬ ಪ್ರಶ್ನೆ. ಇದಕ್ಕೆ ಉತ್ತರವು ಕೂಡದು ಎಂಬುದೇ. ಸಜೀವ ಕೀಟಗಳನ್ನು ಪರದೇಶದಿಂದ ತರಿಸುವುದು 2003ರ ಸಸ್ಯ ಸಂಪರ್ಕ ನಿಷೇಧ ಆಜ್ಞೆಗೆ ಒಳಪಟ್ಟಿದ್ದು, ಸರಕಾರದ ಪರವಾನಿಗೆಯಿಲ್ಲದೆ ತರಿಸುವುದು ಅಪರಾಧ. ಈ ಕಟ್ಟಳೆಗೆ ಕಾರಣವೂ ಉಂಟು.

ದಕ್ಷಿಣ ಆಫ್ರಿಕದ ಮಯೊಮ್ಯಾಂಟಿಸ್ ಕಾಫ್ರಾ ಎಂಬ ಚಿಕ್ಕ ಜಾತಿಯ ಸೂರ್ಯನ ಕುದುರೆಯು ನ್ಯೂಜಿಲೆಂಡ್ ದೇಶದ ಆಕ್ಲೆಂಡಿನಲ್ಲಿ 1978ರಲ್ಲಿ ಮೊದಲು ಕಂಡುಬಂದಿತು. ಆ ದೇಶಕ್ಕೆ ತನ್ನದೇ ಆದ ಸೂರ್ಯನ ಕುದುರೆಯೊಂದಿದೆ. ಅದರ ಗಂಡುಗಳು ಪರದೇಶದ ಹೆಣ್ಣಿನ ವಾಸನೆಗೆ ಮರುಳಾಗಿ ಹತ್ತಿರ ಹೋಗಿ ಆಹಾರವಾಗುತ್ತವೆಂದು 2013ರಲ್ಲಿ ಪ್ರಕಟವಾದ ಪರೀಕ್ಷೆಗಳು ತೋರಿಸಿದವು. ತಮ್ಮ ಜಾತಿಯ ಹೆಣ್ಣನ್ನು ಅರಸಬೇಕಾದವು ಅನ್ಯಜಾತಿಯ ಬಾಯಿಗೆ ಬಿದ್ದು ಸಂತಾನವು ಕುಗ್ಗುವುದಕ್ಕೆ ದಾರಿಯಾಯಿತು. ಅಮೆರಿಕಕ್ಕೆ ಚೀನಾ ದೇಶದ ದೊಡ್ಡ ಜಾತಿಯು 1896ರಲ್ಲಿ ಫಿಲಡೆಲ್ಫಿಯಾ ಪಟ್ಟಣದ ಬಳಿಯಲ್ಲಿ ಬಂದು ನೆಲೆಸಿತು. ತೋಟಗಳಿಗೆಂದು ಮಾರುವ ಗೂಡುಗಳು ಇದರವೇ. ಶತಮಾನ ಕಳೆದರೂ ಅದರಿಂದ ಬೆಳೆಯ ಹುಳುಗಳು ಹತೋಟಿಗೆ ಬಂದುವೆಂದು ಅಲ್ಲಿನ ಕೃಷಿ ಪಂಡಿತರು ಹೇಳುವುದಿಲ್ಲ. ಕಾರಣ, ಒಳ್ಳೆಯದು ಕೆಟ್ಟದು ಎನ್ನದೆ ಎಲ್ಲವನ್ನೂ ಅದು ತಿನ್ನುತ್ತದೆ.

ಪರದೇಶದಿಂದ ಬಂದ ಕೀಟವು ಎಷ್ಟು ಬೇಗ ಹಬ್ಬಬಲ್ಲದೆಂಬುದಕ್ಕೆ ಕರ್ನಾಟಕವೇ ಸಾಕ್ಷಿ. ಅಮೆರಿಕ ಖಂಡಕ್ಕೆ ಸೇರಿದ ಫಾಲ್ ಸೈನಿಕ ಹುಳುವು 2016ರಲ್ಲಿ ಆಫ್ರಿಕದಲ್ಲಿ ಕಾಣಿಸಿಕೊಂಡು, 2018ರಲ್ಲಿ ಭಾರತದಲ್ಲಿ ಮೊತ್ತಮೊದಲು ಶಿವಮೊಗ್ಗದ ಗೋವಿನಜೋಳದಲ್ಲಿ ಪತ್ತೆಯಾಯಿತು. ಸ್ವಲ್ಪ ಕಾಲದಲ್ಲಿಯೇ ದೇಶದ ಉದ್ದಗಲಕ್ಕೂ ವ್ಯಾಪಿಸಿತು. ಬಂದುದನ್ನು ಹಿಂದಕ್ಕೆ ಕಳಿಸುವ ಉಪಾಯವು ಯಾರ ಕೈಯಲ್ಲಿಯೂ ಇಲ್ಲ. ಮನೆಯ ಬದುವಿನಲ್ಲಿಯೇ ಸಮಾನವಾದ ಜಾತಿಯಿರುವಾಗ ಹಣ ಕೊಟ್ಟು ಅಪಾಯವನ್ನು ತರಿಸಿಕೊಳ್ಳುವುದು ವಿವೇಕವಲ್ಲ.

ಜಮೀನುದಾರರು ಮಾಡತಕ್ಕ ಕೆಲಸಗಳು

1. ಹತ್ತಿಕಟಿಗೆಯ ವಿಷಯ. ಗುಲಾಬಿ ಕಾಯಿಕೊರಕವನ್ನು ತಡೆಯಬೇಕಾದರೆ ಕೊನೆಯ ಬಿಡಿಸುವಿಕೆಯಾದ ಮೇಲೆ ಹತ್ತಿಕಟಿಗೆಯನ್ನು ಹೊಲದಲ್ಲಿ ನಿಲ್ಲಗೊಡದೆ ಕಿತ್ತು ನಾಶಮಾಡಬೇಕು. ಇದರಲ್ಲಿ ಸಡಿಲಿಕೆ ಸಲ್ಲದು. ಆದರೆ ಅದೇ ಕಟಿಗೆಯ ಮೇಲೆ ಸೂರ್ಯನ ಕುದುರೆಯ ಗೂಡುಗಳೂ ಇರುತ್ತವೆ. ಆದುದರಿಂದ ಕೀಳುವ ಮೊದಲು ಕೂಲಿಯಾಳುಗಳಿಗೆ ಗೂಡನ್ನು ತೋರಿಸಿ ಗುರುತು ಹೇಳಿಕೊಡಬೇಕು. ಗೂಡಿರುವ ಕಡ್ಡಿಯನ್ನು ಗೇಣುದ್ದ ಕತ್ತರಿಸಿ, ಅದರಲ್ಲಿ ಕಾಯಿಯಾಗಲಿ ತೊಳೆಯಾಗಲಿ ಉಳಿಯದಂತೆ ನೋಡಿ, ಬದುವಿನ ಮೇಲಿನ ಗಿಡಕ್ಕೆ ನೆರಳು ಬೀಳುವಂತೆ, ನೆಲದಿಂದ ಎದೆಯೆತ್ತರದಲ್ಲಿ ಕಟ್ಟಬೇಕು. ಒಂದು ಎಕರೆಯ ಕಟಿಗೆಯನ್ನು ಈ ರೀತಿ ನೋಡುವುದಕ್ಕೆ ಹೆಚ್ಚಿನ ಹೊತ್ತು ಹಿಡಿಯುವುದಿಲ್ಲ. ಖರ್ಚು ಏನೂ ಇಲ್ಲ.

2. ಬದುಗಳಿಗೆ ಬೆಂಕಿ ಹಚ್ಚಬಾರದು. ಬೇಸಿಗೆಯಲ್ಲಿ ಬದುವಿನ ಹುಲ್ಲುಕಂಟಿಗಳನ್ನು ಸುಡುವ ರೂಢಿಯಿಂದ ತತ್ತಿಗೂಡುಗಳೆಲ್ಲ ಬೂದಿಯಾಗುತ್ತವೆ. ಕಂಟಿ ಅತಿಯಾಗಿ ಬೆಳೆದಿದ್ದರೆ ಒಂದು ವರ್ಷ ಒಂದು ಮಗ್ಗುಲನ್ನು, ಮರುವರ್ಷ ಇನ್ನೊಂದನ್ನು ಸವರಬೇಕು.

3. ನೋಡದೆ ಸಿಂಪಡಿಸಬಾರದು. ವಾರಕ್ಕೊಮ್ಮೆಯಾದರೂ ಹೊಲವನ್ನು ಕರ್ಣರೇಖೆಯಲ್ಲಿ ನಡೆದು, ಅಲ್ಲಲ್ಲಿ ಗಿಡಗಳನ್ನು ಪರೀಕ್ಷಿಸಿ, ಹುಳು ಹಾನಿಯ ಮಟ್ಟಕ್ಕೆ ಬಂದಿದೆಯೇ ಎಂದು ತಿಳಿದ ಮೇಲೆಯೇ ಔಷಧಿಯ ಮಾತು. ಮೋಹಕ ಬಲೆಯಲ್ಲಿ ಬಿದ್ದ ಪತಂಗಗಳ ಎಣಿಕೆಯೂ ಇದಕ್ಕೆ ಸಹಾಯಕ. ಮೊದಲ ಹಂತದಲ್ಲಿ ಶೇಕಡಾ 5ರ ಬೇವಿನ ಬೀಜದ ಕಷಾಯವನ್ನು, ಅಂದರೆ 100 ಲೀಟರ್ ನೀರಿಗೆ 5 ಕಿಲೋ ಬೀಜದ ತಿರುಳಿನ ಪ್ರಮಾಣದಲ್ಲಿ ತಯಾರಿಸಿ ಉಪಯೋಗಿಸಬಹುದು. ಇದರಿಂದ ಉಪಕಾರಿ ಕೀಟಗಳಿಗೆ ಆಗುವ ಹಾನಿ ಕಡಿಮೆ.

4. ದೀಪದ ಬಲೆಯನ್ನು ರಾತ್ರಿಯೆಲ್ಲ ಉರಿಸದೆ ಮುನ್ನಿರುಳಿನಲ್ಲಿ ಮಾತ್ರ ಉರಿಸಿ, ಅದರೊಳಗೆ ಬಿದ್ದ ಸೂರ್ಯನ ಕುದುರೆಗಳನ್ನು ಹೊರಗೆ ಬಿಡಬೇಕು.

5. ಅಕ್ಕಡಿ ಸಾಲುಗಳನ್ನು ಬಿಡಬಾರದು. ಹತ್ತಿಯಲ್ಲಿ ತೊಗರಿ, ಜೋಳದಲ್ಲಿ ಕುಸುಬೆ ಮೊದಲಾಗಿ ಹಿರಿಯರು ಹಾಕುತ್ತಿದ್ದ ಸಾಲುಗಳು ಇಂಥ ಕೀಟಗಳಿಗೆ ಆಸರೆ. ಒಂದು ಬೆಳೆ ಕೊಯ್ಲಾದಾಗ ಅವು ಇನ್ನೊಂದಕ್ಕೆ ದಾಟಿ ಬದುಕುತ್ತವೆ.

6. ಜೇನುಪೆಟ್ಟಿಗೆಗಳನ್ನು ಇಟ್ಟವರು ಪೆಟ್ಟಿಗೆಯ ಬಾಯಿಯ ಬಳಿ ಈ ಕೀಟವು ಕಂಡರೆ ಕೊಲ್ಲದೆ, ಕಡ್ಡಿಯ ಮೇಲೆ ಹತ್ತಿಸಿಕೊಂಡು ದೂರದ ಬೆಳೆಯೊಳಗೆ ಬಿಡತಕ್ಕದ್ದು.

ಹುಳುವಿನ ಗುರುತು, ಹಾನಿಯ ಮಟ್ಟ, ಔಷಧಿಯ ಪ್ರಮಾಣ ಇವುಗಳ ವಿಷಯದಲ್ಲಿ ಸಂಶಯವಿದ್ದವರು ತಮ್ಮ ಹೋಬಳಿಯ ರೈತ ಸಂಪರ್ಕ ಕೇಂದ್ರದಲ್ಲಿಯಾಗಲಿ, ಬೈಲಹೊಂಗಲ ತಾಲೂಕಿನ ಮತ್ತಿಕೊಪ್ಪದ ಕೃಷಿ ವಿಜ್ಞಾನ ಕೇಂದ್ರದಲ್ಲಿಯಾಗಲಿ ವಿಚಾರಿಸಬಹುದು.

ಈ ಕೆಲಸಗಳು ಒಬ್ಬನ ಹೊಲದಲ್ಲಿ ನಡೆದರೆ ಪ್ರಯೋಜನ ಸ್ವಲ್ಪ. ಊರಿನ ಹೊಲಗಳೆಲ್ಲದರಲ್ಲಿ ನಡೆದರೆ ಬಹಳ. ಬದುವಿಗೆ ಹಚ್ಚಿದ ಬೆಂಕಿಯು ಎಲ್ಲೆಯನ್ನು ನೋಡಿ ನಿಲ್ಲುವುದಿಲ್ಲ. ಸಿಂಪಡಿಸಿದ ವಿಷವೂ ಗಾಳಿಗೆ ಪಕ್ಕದ ಹೊಲಕ್ಕೆ ಹೋಗುತ್ತದೆ. ಆದುದರಿಂದ ಊರಿನ ಹಿರಿಯರೂ ಪಂಚಾಯತಿಯ ಪ್ರಮುಖರೂ ಹೆಚ್ಚಿನ ಹಿಡುವಳಿಯುಳ್ಳವರೂ ಈ ವಿಷಯವನ್ನು ಮೊದಲು ತಮ್ಮ ಹೊಲಗಳಲ್ಲಿ ಆಚರಿಸಿ ತೋರಿಸಿದರೆ ಉಳಿದವರು ತಾವಾಗಿಯೇ ಅನುಸರಿಸುವರು. ಹತ್ತಿಕಟಿಗೆ ಕೀಳುವ ದಿನ ಶಾಲೆಯ ಮಕ್ಕಳನ್ನು ಹೊಲಕ್ಕೆ ಕರೆದು ಗೂಡುಗಳನ್ನು ಹುಡುಕಲು ಹೇಳಿದರೆ, ದೊಡ್ಡವರ ಕಣ್ಣಿಗೆ ತಪ್ಪಿದುದನ್ನೂ ಅವರು ತಂದುಕೊಟ್ಟಾರು.

ಆಫ್ರಿಕದ ಸೂರ್ಯನ ಕುದುರೆಯು ಆಫ್ರಿಕದಲ್ಲಿಯೇ ಇರಲಿ. ಅದಕ್ಕೆ ಅಲ್ಲಿ ಅದರ ಕೆಲಸವಿದೆ. ಮಲಪ್ರಭೆಯ ಎರಡೂ ದಂಡೆಗಳ ಹೊಲಗಳಲ್ಲಿ ಅದರ ದಾಯಾದಿಯು ಕೂಲಿ ಕೇಳದೆ ತಲೆತಲಾಂತರದಿಂದ ಕಾವಲಿದೆ. ಅದಕ್ಕೆ ಬೇಕಾದುದು ಒಣಗಿದ ಒಂದು ಗೇಣು ಕಡ್ಡಿ, ಸುಡದೆ ಬಿಟ್ಟ ಒಂದು ಬದು, ಅವಸರಪಡದ ಒಬ್ಬ ಒಕ್ಕಲಿಗ.